ಕಣ್ಣಿಗೆ ಸರಿ, ಹುಡುಕಿದರೆ ಇಲ್ಲ: ಕೆನಡಾದ ಸಿಲೆಬಿಕ್ಸ್ ಪಠ್ಯದ ದೋಷ ನಿವಾರಣೆ

ಇನುಕ್ಟಿಟುಟ್, ಕ್ರೀ, ಓಜಿಬ್ವೆ, ನಸ್ಕಾಪಿ ಮುಂತಾದ ಕೆನಡಾದ ಮೂಲನಿವಾಸಿ ಭಾಷೆಗಳನ್ನು ಬರೆಯುವ ಉಚ್ಚಾರಾಂಶ ಲಿಪಿಗೆ ಸಿಲೆಬಿಕ್ಸ್ ಎನ್ನುತ್ತಾರೆ. ಡೇಟಾಬೇಸ್, ಅನುವಾದ ತಂತ್ರಾಂಶ, ಹಳೆಯ ಕಡತಗಳ ಡಿಜಿಟಲೀಕರಣ, ಇವುಗಳಲ್ಲಿ ಯಾವುದಾದರೊಂದರ ಮೂಲಕ ಈ ಪಠ್ಯ ನಿಮ್ಮ ಮೇಜಿಗೆ ಬಂದು, ಎಲ್ಲೋ ಏನೋ ಕೆಟ್ಟಿದೆ ಅನ್ನಿಸಿದಾಗ ಎಲ್ಲಿಂದ ಶುರು ಮಾಡಬೇಕು ಎಂಬುದಕ್ಕೆ ಈ ಬರಹ. ಭಾಷೆ ಗೊತ್ತಿರಬೇಕಾಗಿಲ್ಲ. ಆದರೆ ಪಠ್ಯ ಯಾವ ಭಾಷೆಯದು ಎಂದು ಮಾತ್ರ ಗೊತ್ತಿರಲೇಬೇಕು. ಅದಿಲ್ಲದೆ ಇಲ್ಲಿನ ಅರ್ಧದಷ್ಟು ರಿಪೇರಿಗಳು ಪಠ್ಯವನ್ನು ಇನ್ನಷ್ಟು ಕೆಡಿಸುತ್ತವೆ.

ಒಂದು ಸೂಚನೆ. ಓದುವವರ ಫೋನಿನಲ್ಲಿ ಸಿಲೆಬಿಕ್ಸ್ ಫಾಂಟ್ ಇರುತ್ತದೆಂಬ ಭರವಸೆಯಿಲ್ಲ. ಡಬ್ಬಿಗಳನ್ನು ತೋರಿಸಿ ಡಬ್ಬಿಗಳ ಬಗ್ಗೆ ಬರೆದಂತಾಗಬಾರದೆಂದು ಅಕ್ಷರಗಳ ಬದಲು ಅವುಗಳ ಯೂನಿಕೋಡ್ ಸಂಖ್ಯೆಯನ್ನೇ ಕೊಟ್ಟಿದೆ. ಹದಿನಾರರ ಎಣಿಕೆಯ ಎ, ಬಿ, ಸಿ, ಡಿ, ಇ, ಎಫ್ ಅಂಕೆಗಳೂ ಕನ್ನಡದಲ್ಲೇ ಇವೆ: 14ಸಿ4 ಎಂದಿದ್ದರೆ ನಿಮ್ಮ ಉಪಕರಣದಲ್ಲಿ ಅದನ್ನು ಇಂಗ್ಲಿಷ್ ಸಿ ಹಾಕಿ ಟೈಪಿಸಿ.

ಕನ್ನಡದ ಅಭ್ಯಾಸ ಎಲ್ಲಿ ನೆರವಾಗುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ

ಈ ಲಿಪಿಯನ್ನು 1840ರಲ್ಲಿ ಇಂದಿನ ಮ್ಯಾನಿಟೋಬಾದ ನಾರ್ವೆ ಹೌಸ್‌ನಲ್ಲಿ ಜೇಮ್ಸ್ ಎವಾನ್ಸ್ ಎಂಬ ಪಾದ್ರಿ ಕ್ರೀ ಭಾಷೆಗಾಗಿ ರೂಪಿಸಿದರೆಂಬುದು ಪುಸ್ತಕಗಳಲ್ಲಿರುವ ಮಾತು. ಲಿಪಿ ತಮ್ಮ ಹಿರಿಯನೊಬ್ಬನಿಗೇ ಒಲಿದು ಬಂದದ್ದೆಂಬ ಕಥನ ಕ್ರೀ ಜನರಲ್ಲಿದೆ. ಪಿಟ್‌ಮನ್ ಶೀಘ್ರಲಿಪಿಯ ಜೊತೆಗೆ ದೇವನಾಗರಿಯ ಪ್ರಭಾವವೂ ಇದರ ಮೇಲಿದೆ ಎನ್ನುತ್ತಾರೆ. ವ್ಯಂಜನಕ್ಕೊಂದು ಆಕಾರ, ಸ್ವರಕ್ಕೊಂದು ದಿಕ್ಕು. ಪ ಸಾಲನ್ನೇ ನೋಡಿ: ಮೊನೆ ಕೆಳಗಿದ್ದರೆ ಪೆ, ಮೇಲಿದ್ದರೆ ಪಿ, ಬಲಕ್ಕಿದ್ದರೆ ಪೊ, ಎಡಕ್ಕಿದ್ದರೆ ಪ. ನಾವು ಗುಣಿತ ಹಾಕುವ ಕಡೆ ಅವರು ಅಕ್ಷರವನ್ನೇ ತಿರುಗಿಸುತ್ತಾರೆ.

ಯೂನಿಕೋಡ್ ಈ ತಿರುಗುವಿಕೆಯನ್ನು ಗುಣಿತದಂತೆ ಬಿಡಿಸಲಿಲ್ಲ. ಪೆ, ಪಿ, ಪೊ, ಪ ನಾಲ್ಕಕ್ಕೂ ನಾಲ್ಕು ಸಂಖ್ಯೆ (142ಎಫ್, 1431, 1433, 1438). ಉದ್ದ ಸ್ವರದ ಚುಕ್ಕೆ ಬಂದರೆ ಮತ್ತೊಂದು ಸಂಖ್ಯೆ. ಒತ್ತಕ್ಷರ ಇಲ್ಲ, ವಿರಾಮ (ಹಲಂತ) ಚಿಹ್ನೆಯಿಂದ ಅರ್ಧಾಕ್ಷರ ಮಾಡುವುದಿಲ್ಲ, ಅಕ್ಷರಗಳು ಹಿಂದೆ ಮುಂದೆ ಜಿಗಿಯುವುದೂ ಇಲ್ಲ. ಆದ್ದರಿಂದ ಕನ್ನಡದಲ್ಲಿ ಮೊದಲು ಅನುಮಾನಿಸುವ ಜಾಗ, ಅಂದರೆ ಒತ್ತು ಒಡೆದು ಬಿಡುವ ಅಕ್ಷರ ಜೋಡಣೆಯ ಎಂಜಿನ್, ಇಲ್ಲಿ ಬಹುಪಾಲು ನಿರಪರಾಧಿ. ಇಲ್ಲಿ ದೋಷ ಇರುವುದು ಆಕಾರದ ಅಡಿಯಲ್ಲಿ ಯಾವ ಸಂಖ್ಯೆ ಕೂತಿದೆ ಎಂಬುದರಲ್ಲಿ. ಕಣ್ಣಿಗೆ ಸರಿ ಕಂಡ ಪಠ್ಯವನ್ನು ಇಲ್ಲಿ ಪಾಸ್ ಮಾಡಲೇಬಾರದು.

ಸಂಖ್ಯೆ ನೋಡುವ ಸುಲಭ ದಾರಿ: ವಿಂಡೋಸ್‌ನ ವರ್ಡ್‌ನಲ್ಲಾಗಲಿ ಲಿಬ್ರೆ ಆಫೀಸ್‌ನಲ್ಲಾಗಲಿ ಅಕ್ಷರದ ಬಲಕ್ಕೆ ಕರ್ಸರ್ ಇಟ್ಟು ಆಲ್ಟ್ ಜೊತೆ ಎಕ್ಸ್ ಒತ್ತಿ. ಅಕ್ಷರ ಹೋಗಿ ಸಂಖ್ಯೆ ಬರುತ್ತದೆ. ಇನ್ನೊಮ್ಮೆ ಒತ್ತಿದರೆ ಅಕ್ಷರ ವಾಪಸ್ಸು.

ಮೊದಲ ನೋಟ

ಪರದೆಯ ಮೇಲೆ ಏನು ಕಾಣುತ್ತಿದೆ ಎಂಬುದೇ ಅರ್ಧ ರೋಗನಿರ್ಣಯ.

ಖಾಲಿ ಚೌಕಗಳು ಕಂಡರೆ ಡೇಟಾ ಬಹುಶಃ ಚೆನ್ನಾಗಿದೆ, ಫಾಂಟ್ ಇಲ್ಲ ಅಷ್ಟೆ. ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ, ಯೂನಿಕೋಡ್ ಗೊತ್ತಿಲ್ಲದ ಯಾವುದೋ ಹಂತದಲ್ಲಿ ಪಠ್ಯ ಉಳಿಸಲ್ಪಟ್ಟಿದೆ. ಅಲ್ಲಿ ಈಗ ಇರುವುದು ನಿಜವಾದ ಪ್ರಶ್ನಾರ್ಥಕ ಚಿಹ್ನೆಗಳೇ. ಅದನ್ನು ಯಾವ ಪರಿವರ್ತಕವೂ ತಿರುಗಿಸಲಾರದು, ಮೂಲ ಕಡತ ಹುಡುಕಿ. ಕಪ್ಪು ವಜ್ರದೊಳಗೆ ಪ್ರಶ್ನೆ ಕಂಡರೆ ಯುಟಿಎಫ್-8 (ಯೂನಿಕೋಡ್ ಸಂಖ್ಯೆಗಳನ್ನು ಬೈಟ್‌ಗಳಾಗಿ ಉಳಿಸುವ ರೀತಿ) ಅಲ್ಲದ ಬೈಟ್‌ಗಳನ್ನು ಯುಟಿಎಫ್-8 ಎಂದು ಓದಲಾಗಿದೆ. ಇದು ಇನ್ನೂ ಉಳಿಯುವ ಕೇಸು, ಆದರೆ ಆ ಸ್ಥಿತಿಯಲ್ಲಿ ಸೇವ್ ಒತ್ತಿದರೆ ಮುಗಿಯಿತು.

ಇಂಗ್ಲಿಷ್ ಅಕ್ಷರ ಮತ್ತು ಅಂಕೆಗಳ ಅರ್ಥವಿಲ್ಲದ ಸರ ಕಂಡರೆ ಅದು ಹಳೆಯ ಫಾಂಟಿನ ಪಠ್ಯ. ಮೇಲೆ ಓರೆಗೀಟಿರುವ ಸಣ್ಣ ಇಂಗ್ಲಿಷ್ ಎ ಮತ್ತೆ ಮತ್ತೆ, ಹೆಚ್ಚುಕಡಿಮೆ ಮೂರಕ್ಕೊಂದರಂತೆ ಬರುತ್ತಿದ್ದರೆ ಅದು ಬೈಟ್ ಗೊಂದಲ. ಎಲ್ಲವೂ ನೆಟ್ಟಗೆ ಕಂಡು ಹುಡುಕಾಟ, ವಿಂಗಡಣೆ, ಕಾಗುಣಿತ ಪರೀಕ್ಷೆ ಮಾತ್ರ ಕೈಕೊಡುತ್ತಿದ್ದರೆ ಅದು ಒಂದೇ ರೂಪದ ಬೇರೆ ಸಂಖ್ಯೆಗಳ ತೊಂದರೆ. ಸಮಯ ತಿನ್ನುವುದು ಇದೇ.

ಹಳೆಯ ಫಾಂಟುಗಳು: ಇದು ಅವರ ನುಡಿ

ಸಿಲೆಬಿಕ್ಸ್ ಯೂನಿಕೋಡಿಗೆ ಸೇರಿದ್ದು 1999ರ 3.0 ಆವೃತ್ತಿಯಲ್ಲಿ, 1400ರಿಂದ 167ಎಫ್‌ವರೆಗಿನ ವಿಭಾಗದಲ್ಲಿ. ಕೆನಡಾದ ಉತ್ತರದ ನುನಾವುಟ್ ಎಂಬ ಆಡಳಿತ ಪ್ರದೇಶ (ಟೆರಿಟರಿ) ಹುಟ್ಟಿದ್ದೂ ಅದೇ ವರ್ಷದ ಏಪ್ರಿಲ್ 1ರಂದು. ಹೀಗಾಗಿ ಅದರ ಮೊದಲ ವರ್ಷಗಳ ಕಾಗದಪತ್ರಗಳು ನುನಾಕಾಮ್, ಪ್ರೊಸಿಲ್‌ನಂಥ ಎಂಟು ಬಿಟ್ ಫಾಂಟುಗಳಲ್ಲಿ ಸಿಗುತ್ತವೆ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಸಿಲೆಬಿಕ್ಸ್ ಚಿತ್ರ ಕೂರಿಸಿದ ಫಾಂಟುಗಳಿವು. ಹಳೆಯ ನುಡಿ ಕಡತವನ್ನು ಬೇರೆ ಫಾಂಟಿನಲ್ಲಿ ತೆರೆದಾಗ ‘ನ’ ಇದ್ದ ಕಡೆಯೆಲ್ಲ ಬ್ರಿಟಿಷ್ ಪೌಂಡಿನ ಚಿಹ್ನೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹತ್ತಿರದಿಂದ ನೋಡೋಣ. ನುನಾಕಾಮ್‌ನಲ್ಲಿ ‘ಇನುಕ್ಟಿಟುಟ್’ ಎಂಬ ಪದ ಹೀಗೆ ಉಳಿದಿರುತ್ತದೆ: ಸಣ್ಣ ಡಬ್ಲ್ಯು, ಸಣ್ಣ ಕೆ, 4, ಸಣ್ಣ ಟಿ, ಸಣ್ಣ ಜಿ, 5. ಅಂದರೆ ಡಬ್ಲ್ಯು ಎಂಬುದು ಇ, ಕೆ ಎಂಬುದು ನು, 4 ಎಂಬುದು ಕ್, ಟಿ ಎಂಬುದು ಟಿ (ಇದೊಂದು ಕಾಕತಾಳೀಯ), ಜಿ ಎಂಬುದು ಟು, 5 ಎಂಬುದು ಟ್. ‘ನುನಾವುಟ್’ ಎಂಬುದು ಸಣ್ಣ ಕೆ, ದೊಡ್ಡ ಎನ್, ದೊಡ್ಡ ಕೆ, 5. ಕಡತದ ಪಠ್ಯದಲ್ಲಿ ಈ ಎರಡು ಸರಗಳನ್ನು ಹುಡುಕಿ. ಸಿಕ್ಕರೆ ಅದು ನುನಾಕಾಮ್ ಬಳಗದ್ದೆಂದು ಹೆಚ್ಚುಕಡಿಮೆ ಖಚಿತ.

ಇದೇ ಉದಾಹರಣೆಯಲ್ಲಿ ಮೊದಲ ಅಪಾಯವೂ ಕೂತಿದೆ. ಸಣ್ಣ ಕೆ ನು, ದೊಡ್ಡ ಕೆ ವು. ವರ್ಡ್ ತನ್ನ ಪಾಡಿಗೆ ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡಿದರೆ ‘ನುನಾವುಟ್’ ಹೋಗಿ ‘ವುನಾವುಟ್’ ಆಗುತ್ತದೆ. ಪರಿವರ್ತನೆ ಆದ ಮೇಲೆ ಪ್ಯಾರಾದ ಮೊದಲ ಪದಗಳೇ ಹೆಚ್ಚಾಗಿ ಕೆಟ್ಟಿದ್ದರೆ ಪರಿವರ್ತಕವನ್ನು ಬೈಯಬೇಡಿ. ಮೂಲದಲ್ಲೇ ಈ ಸ್ವಯಂ ತಿದ್ದುಪಡಿ ನಡೆದಿದೆ. ಹಳೆಯ ಫಾಂಟಿನ ಕಡತ ತೆರೆಯುವ ಮುನ್ನ ಸ್ವಯಂ ತಿದ್ದುಪಡಿ ಪೂರ್ತಿ ಆಫ್ ಮಾಡಿ. ದೊಡ್ಡ ಸಣ್ಣ ಅಕ್ಷರ ಒಂದೇ ಎಂದು ನೋಡುವ ಹುಡುಕಾಟವನ್ನೂ ಇಲ್ಲಿ ಬಳಸುವಂತಿಲ್ಲ.

ಎರಡನೆಯದು ಅಂಕೆ. ಅಂಕೆಯ ಕೀಲಿಗಳನ್ನು ಅಕ್ಷರಗಳು ಆಕ್ರಮಿಸಿಕೊಂಡ ಮೇಲೆ ಅಂಕೆಗಳು ಶಿಫ್ಟ್ ಒತ್ತಿದರೆ ಬರುವ ಚಿಹ್ನೆಗಳ ಜಾಗಕ್ಕೆ ಹೋದವು. 1999 ಎಂಬುದು ಕಡತದಲ್ಲಿ !((( ಎಂದಿರುತ್ತದೆ. ಹೀಗೆ ತೆರೆದ ಕಂಸಗಳ ಗುಂಪು ಮುಚ್ಚದೆ ಬಿದ್ದಿದ್ದರೆ ಅದೊಂದು ಒಳ್ಳೆಯ ಸುಳಿವು. ತಿರುಗಾಮುರುಗಾ ತಪ್ಪೂ ಆಗುತ್ತದೆ: ಕಡತದ ಇಂಗ್ಲಿಷ್ ಭಾಗದಲ್ಲಿ ನಿಜವಾಗಿ 45 ಎಂದಿದ್ದರೆ ಕುರುಡಾಗಿ ಓಡಿಸಿದ ಪರಿವರ್ತಕ ಅದನ್ನು ‘ಕ್ಟ್’ ಮಾಡಿಬಿಡುತ್ತದೆ. ದೂರವಾಣಿ ಸಂಖ್ಯೆ, ಇಂಗ್ಲಿಷ್ ಹೆಸರು, ವೆಬ್ ವಿಳಾಸ ಎಲ್ಲವೂ ಸಿಲೆಬಿಕ್ಸ್ ಆಗಿ ಹೊರಬಂದಿದ್ದರೆ ಕಾರಣ ಇದೇ. ಪರಿವರ್ತನೆ ನಡೆಯಬೇಕಾದದ್ದು ಇಡೀ ಕಡತದ ಮೇಲಲ್ಲ, ಹಳೆಯ ಫಾಂಟಿನ ಹೆಸರು ಅಂಟಿರುವ ತುಂಡುಗಳ ಮೇಲೆ ಮಾತ್ರ. ವರ್ಡ್ ಕಡತದಲ್ಲಿ ಪ್ರತಿ ತುಂಡಿನ ಫಾಂಟ್ ಹೆಸರು ಒಳಗೇ ಇರುತ್ತದೆ, ಅದನ್ನು ಓದುವ ಪರಿವರ್ತಕ ಬೇಕು.

ಮೂರನೆಯದು ಚುಕ್ಕೆ. ಹಳೆಯ ಫಾಂಟುಗಳಲ್ಲಿ ಉದ್ದ ಸ್ವರದ ಚುಕ್ಕೆ ಬೇರೆಯೇ ಅಕ್ಷರ, ಯೂನಿಕೋಡಿನಲ್ಲಿ ಅದು ಅಕ್ಷರದೊಳಗೇ ಇದೆ (ಇ 1403, ಈ 1404). ಪರಿವರ್ತಕ ಎರಡನ್ನು ಸೇರಿಸಿ ಒಂದು ಮಾಡಬೇಕು. ಚುಕ್ಕೆಯನ್ನು ಎಸೆದುಬಿಡುವ ಪರಿವರ್ತಕಗಳೂ ಇರುತ್ತವೆ, ಆಗ ಉದ್ದ ಸ್ವರಗಳೆಲ್ಲ ಗಿಡ್ಡ. ಪರೀಕ್ಷೆ ಸರಳ: ಹೊರಬಂದ ಪಠ್ಯದಲ್ಲಿ 1404, 1406, 140ಬಿ ಒಂದೂ ಇಲ್ಲವೆಂದರೆ ಮೂಲ ಬರೆದವರೇ ಚುಕ್ಕೆ ಬಿಟ್ಟಿದ್ದರೋ ಪರಿವರ್ತಕ ನುಂಗಿತೋ ನೋಡಲೇಬೇಕು.

ಪಿಡಿಎಫ್‌ನಿಂದ ನಕಲಿಸಿದಾಗ ಇದೇ ಇಂಗ್ಲಿಷ್ ಸರ ಬಂದರೂ ಗಾಬರಿ ಬೇಡ. ಪಿಡಿಎಫ್‌ನ ಗುಣಲಕ್ಷಣಗಳಲ್ಲಿ ಫಾಂಟುಗಳ ಪಟ್ಟಿ ತೆರೆದು ಹಳೆಯ ಫಾಂಟಿನ ಹೆಸರು ಬರೆದುಕೊಳ್ಳಿ, ನಂತರ ಆ ಫಾಂಟಿನ ಪಟ್ಟಿಯಿಂದಲೇ ಪರಿವರ್ತಿಸಿ. ಉತ್ತರ ಕ್ವಿಬೆಕ್‌ನ ನುನಾವಿಕ್ ಕಡೆಯ ಐಪೈನುನಾವಿಕ್ ಫಾಂಟಿಗೆ ನುನಾಕಾಮ್ ಪಟ್ಟಿ ಹಾಕಬೇಡಿ. 1976ರ ಪ್ರಮಾಣಿತ ಬರವಣಿಗೆ ಕೈಬಿಟ್ಟ ‘ಐ’ ಸಾಲನ್ನು ನುನಾವಿಕ್‌ನವರು ಉಳಿಸಿಕೊಂಡಿದ್ದಾರೆ, ಫಾಂಟಿನ ಹೆಸರಿನಲ್ಲಿರುವ ಐ, ಪೈ ಅದೇ.

ಬೈಟ್ ಗೊಂದಲ: ನುನಾವುಟ್ ಬದುಕಿತು, ಇನುಕ್ಟಿಟುಟ್ ಸತ್ತಿತು

ಯುಟಿಎಫ್-8 ಕನ್ನಡವನ್ನು ವಿಂಡೋಸ್-1252 (ಬೈಟಿಗೊಂದು ಅಕ್ಷರದ ಹಳೆಯ ಪಟ್ಟಿ) ಎಂದು ಓದಿದರೆ ಎಡಕ್ಕೆ ವಾಲಿದ ಗೀಟಿನ ಎ ಸಾಲುಗಟ್ಟಿ ಬರುವುದನ್ನು ಎಲ್ಲರೂ ನೋಡಿದ್ದೇವೆ. ಕನ್ನಡದ ಮೊದಲ ಬೈಟ್ ಇ0. ಸಿಲೆಬಿಕ್ಸ್‌ನ ಮೊದಲ ಬೈಟ್ ಇ1, ಆದ್ದರಿಂದ ಗೀಟು ಬಲಕ್ಕೆ ವಾಲುತ್ತದೆ. ವ್ಯತ್ಯಾಸ ಅಷ್ಟೇ. ತಿರುಗಿಸುವ ವಿಧಾನವೂ ಅದೇ: ಪಠ್ಯವನ್ನು ವಿಂಡೋಸ್-1252 ಬೈಟ್‌ಗಳಾಗಿ ಬರೆದು, ಅದನ್ನು ಯುಟಿಎಫ್-8 ಎಂದು ಮತ್ತೆ ಓದುವುದು.

ಆದರೆ ಎಲ್ಲ ಪದಗಳೂ ಹಿಂದಿರುಗುವುದಿಲ್ಲ. ‘ನುನಾವುಟ್’ ನಾಲ್ಕು ಅಕ್ಷರ: 14ಸಿ4, 14ಸಿ7, 1557, 1466. ಬೈಟ್‌ಗಳಲ್ಲಿ ಇ1 93 84, ಇ1 93 87, ಇ1 95 97, ಇ1 91 ಎ6. ಈ ಹನ್ನೆರಡಕ್ಕೂ ವಿಂಡೋಸ್-1252ರಲ್ಲಿ ಒಂದೊಂದು ಅಕ್ಷರವಿದೆ. ಗೀಟಿನ ಎ ಬಿಟ್ಟರೆ ಉಳಿದವು ಉದ್ಧರಣ ಚಿಹ್ನೆ, ಜೋಡಿ ಕಠಾರಿ ಚಿಹ್ನೆ, ದಪ್ಪ ಚುಕ್ಕೆ, ಅಡ್ಡಗೆರೆ, ನಡುವೆ ತುಂಡಾದ ನಿಂತ ಗೆರೆ. ಹಿಂದಿರುಗಿಸಿದರೆ ಪದ ಸುರಕ್ಷಿತವಾಗಿ ಬರುತ್ತದೆ.

‘ಇನುಕ್ಟಿಟುಟ್’ನ ಮೊದಲ ಅಕ್ಷರ 1403. ಬೈಟ್‌ಗಳು ಇ1 90 83. ಈ 90 ಎಂಬ ಬೈಟಿಗೆ ವಿಂಡೋಸ್-1252ರಲ್ಲಿ ಅಕ್ಷರವೇ ಇಲ್ಲ. (81, 8ಡಿ, 8ಎಫ್, 90, 9ಡಿ, ಈ ಐದು ಖಾಲಿ ಮನೆಗಳು.) ಬ್ರೌಸರುಗಳು ಅದನ್ನು ಕಾಣದ ನಿಯಂತ್ರಣ ಅಕ್ಷರವಾಗಿ ಉಳಿಸಿಕೊಳ್ಳುತ್ತವೆ. ಪೈಥಾನ್ ಕಟ್ಟುನಿಟ್ಟಾಗಿ ದೋಷ ಎಸೆಯುತ್ತದೆ. ನಡುವೆ ಯಾವುದಾದರೂ ಶುಚಿಗೊಳಿಸುವ ಹಂತ ಕಾಣದ ಅಕ್ಷರಗಳನ್ನು ಅಳಿಸಿದ್ದರೆ ಆ ಬೈಟ್ ಹೋಯಿತು. 1400ರಿಂದ 143ಎಫ್‌ವರೆಗಿನ ಪ್ರತಿ ಅಕ್ಷರದ ಎರಡನೇ ಬೈಟ್ 90. ಅಂದರೆ ಎಲ್ಲ ಬಿಡಿ ಸ್ವರಗಳೂ, ಪ ಸಾಲಿನ ಬಹುಭಾಗವೂ ಈ ಖಾಲಿ ಮನೆಯ ಮೂಲಕವೇ ಹೋಗಬೇಕು. ತಿರುಗಿಸಿದ ಪಠ್ಯದಲ್ಲಿ ಸ್ವರದಿಂದ ಶುರುವಾಗುವ ಪದಗಳಷ್ಟೇ ಒಡೆದಿದ್ದರೆ ಕಾರಣ ಇದು.

ಹೀಗೆ ಒಡೆದಲ್ಲಿ ಪೂರ್ತಿ ನಿರಾಶೆ ಬೇಡ. ಗೀಟಿನ ಎ ಆದ ಕೂಡಲೆ ಎರಡರ ಬದಲು ಒಂದೇ ಚಿಹ್ನೆ ಉಳಿದಿದ್ದರೆ ನಡುವೆ 90 ಕಳೆದಿದೆ ಎಂದು ಊಹಿಸಿ ಸೇರಿಸಬಹುದು. ಆದರೆ ‘ಟು’ (1450) ಬೈಟ್‌ಗಳು ಇ1 91 90, ಅಲ್ಲಿ ಕಳೆದದ್ದು ಕೊನೆಯದು. ಉಳಿದ ಬೈಟ್ 91 ಆಗಿದ್ದರೆ ಅದು 1411 ಇರಬಹುದು, 1450 ಇರಬಹುದು, ಇನ್ನೊಂದು ಖಾಲಿ ಮನೆಯಾದ 8ಎಫ್ ಕಳೆದುಕೊಂಡ ‘ಟೀ’ಯೂ (144ಎಫ್) ಇರಬಹುದು. ಇನುಕ್ಟಿಟುಟ್‌ನಲ್ಲಿ 1411ಕ್ಕೆ ಕೆಲಸವಿಲ್ಲ, ಟು ಅಥವಾ ಟೀ ಯಾವುದೆಂದು ಪದ ನೋಡಿ ಹಾಕಿ. ಕ್ರೀ ಪಠ್ಯದಲ್ಲಾದರೆ ಮೂಲ ನೋಡದೆ ಮುಟ್ಟಬೇಡಿ.

ಇನ್ನೊಂದು ಕಾಟ: ಬಾಗಿದ ಉದ್ಧರಣ ಚಿಹ್ನೆಗಳನ್ನು ನೆಟ್ಟಗೆ ಮಾಡುವ ಹಂತ. 91, 92, 93, 94 ಎಂಬ ಬೈಟ್‌ಗಳು ಅಲ್ಲಿ ಬಾಗಿದ ಉದ್ಧರಣಗಳು. ಟ, ಕ, ನ ಸಾಲುಗಳೆಲ್ಲ ಅವುಗಳ ಮೇಲೇ ನಿಂತಿವೆ. ನೆಟ್ಟಗೆ ಮಾಡಿದ ಮೇಲೆ 91 ಯಾವುದು, 92 ಯಾವುದು ಹೇಳಲು ಬರುವುದಿಲ್ಲ.

ಈ ರೋಗ ಸಾಮಾನ್ಯವಾಗಿ ಹತ್ತುವುದು ಎಕ್ಸೆಲ್‌ನಲ್ಲಿ, ಸಿಎಸ್‌ವಿ ಕಡತದ ಮೇಲೆ ಎರಡು ಸಲ ಕ್ಲಿಕ್ ಮಾಡಿ ತೆರೆದಾಗ. ಡೇಟಾ ಮೆನುವಿನಿಂದ ಪಠ್ಯ ಆಮದು ಮಾಡಿ, 65001 ಯುಟಿಎಫ್-8 ಆರಿಸಿ.

ಒಂದೇ ರೂಪ, ಬೇರೆ ಸಂಖ್ಯೆ

ಇನುಕ್ಟಿಟುಟ್‌ನಲ್ಲಿ ಗಂಟಲಿನ ಆಳದಿಂದ ಬರುವ ಕಕಾರವೊಂದಿದೆ, ರೋಮನ್‌ನಲ್ಲಿ ಕ್ಯೂ ಎಂದು ಬರೆಯುತ್ತಾರೆ. ಅದರ ಅಕ್ಷರಗಳು 157ಎಫ್ (ಕಿ), 1581 (ಕು), 1583 (ಕ), 1585 (ಬರೀ ವ್ಯಂಜನ). ನೋಡಲು ಇವು ಪುಟ್ಟ ರ್ ಚಿಹ್ನೆಯ (1550) ಪಕ್ಕ ಸಾಮಾನ್ಯ ಕಿ (146ಡಿ), ಕು (146ಎಫ್), ಕ (1472) ಇಟ್ಟಂತೆಯೇ ಇವೆ. ಟೈಪಿಸುವವರು ಎರಡು ಅಕ್ಷರವಾಗಿಯೇ ಹೊಡೆದುಬಿಡುತ್ತಾರೆ. ಮುದ್ರಣದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಹುಡುಕಾಟಕ್ಕೆ ಮಾತ್ರ ಅದು ಬೇರೆ ಪದ.

ರಿಪೇರಿ: 1550 ಮತ್ತು 146ಡಿ ಜೋಡಿಯನ್ನು 157ಎಫ್ ಮಾಡಿ, 1550 ಮತ್ತು 146ಎಫ್ ಜೋಡಿಯನ್ನು 1581, 1550 ಮತ್ತು 1472 ಜೋಡಿಯನ್ನು 1583. ಉದ್ದ ಸ್ವರಗಳಿಗೂ ಹೀಗೆಯೇ (146ಇ, 1470, 1473 ಸೇರಿ 1580, 1582, 1584). ಆದರೆ 1585ರ ಮುಂದೆ ಸಾಮಾನ್ಯ ಕ ಬಂದಿದ್ದರೆ ಕೈ ಹಚ್ಚಬೇಡಿ. ಈ ವ್ಯಂಜನದ ದ್ವಿತ್ವವನ್ನು ಬರೆಯುವ ಸರಿಯಾದ ಪದ್ಧತಿಯೇ ಅದು. ದಾರಿ ಎಂಬರ್ಥದ ‘ಅಕ್ಕುಟಿ’ ಪದ 140ಎ, 1585, 146ಎಫ್, 144ಇ ಎಂದೇ ಇರಬೇಕು. ರೋಮನ್‌ನಿಂದ ಲಿಪ್ಯಂತರ ಮಾಡುವ ತಂತ್ರಾಂಶ ಅದನ್ನು 1585, 1581 ಮಾಡಿದ್ದರೆ ದೋಷ ತಂತ್ರಾಂಶದ್ದು.

ಙಕಾರದ್ದೂ ಇದೇ ಕಥೆ. ಙಿ 158ಎಫ್, ಙು 1591, ಙ 1593, ಙ್ 1595. ಪುಟ್ಟ ನ್ (14ಡಿ0) ಪಕ್ಕದಲ್ಲಿ ಗ ಸಾಲಿನ ಅಕ್ಷರ ಇಟ್ಟಂತೆ ಕಾಣುತ್ತವೆ. ದ್ವಿತ್ವ ಙ್ಙ ಸಾಲು ಇಲ್ಲಿಲ್ಲ, ವಿಭಾಗದ ತುದಿಯಲ್ಲಿ 1671ರಿಂದ 1676ರವರೆಗೆ ಇದೆ. ಬರೀ ವ್ಯಂಜನ ಮಾತ್ರ 1596ರಲ್ಲಿ. ಅನುಮತಿಸಿದ ಅಕ್ಷರಗಳ ಪಟ್ಟಿ ಮಾಡುವವರು ಈ ತುದಿಯ ಆರನ್ನು ಮರೆಯುವುದು ಸಾಮಾನ್ಯ. ಆಮೇಲೆ ಅರ್ಜಿ ನಮೂನೆ ಜನರ ಹೆಸರನ್ನೇ ತಿರಸ್ಕರಿಸುತ್ತದೆ.

ನುನಾವುಟ್‌ನ ಹಕಾರ (157ಸಿ) ಇಂಗ್ಲಿಷಿನ ದೊಡ್ಡ ಎಚ್‌ನ ತದ್ರೂಪು. ಅಕ್ಕಪಕ್ಕ ಸಿಲೆಬಿಕ್ಸ್ ಇದ್ದರೆ ಮಾತ್ರ ಎಚ್ ತೆಗೆದು 157ಸಿ ಹಾಕಿ, ಇಂಗ್ಲಿಷ್ ಹೆಸರುಗಳನ್ನು ಬಿಟ್ಟುಬಿಡಿ. ಅಂದಹಾಗೆ ಸಾಮಾಜಿಕ ಜಾಲತಾಣದಲ್ಲಿ ಶೋಕಿಗಾಗಿ ಇಂಗ್ಲಿಷ್ ಹೆಸರನ್ನು ಸಿಲೆಬಿಕ್ಸ್ ಆಕಾರಗಳಿಂದ ಬರೆದುಕೊಳ್ಳುವವರೂ ಇದ್ದಾರೆ. ಅಲ್ಲಿಂದ ಸಂಗ್ರಹಿಸಿದ ಡೇಟಾದಲ್ಲಿ ‘ಸಿಲೆಬಿಕ್ಸ್ ಇದೆ, ಆದ್ದರಿಂದ ಇನುಕ್ಟಿಟುಟ್’ ಎಂಬ ತೀರ್ಮಾನ ನಗೆಪಾಟಲಾಗುತ್ತದೆ.

ಕ್ರೀ ಭಾಷೆಗೆ ಬಂದರೆ ಗೋಜಲು ಪದಾಂತ್ಯದಲ್ಲಿ. ಪಶ್ಚಿಮದ ಕ್ರೀಯಲ್ಲಿ ಪದಾಂತ್ಯದ ವ್ಯಂಜನಗಳು ಪುಟ್ಟ ಗೆರೆ, ಉಂಗುರ, ಚುಕ್ಕೆಗಳು: ಟ್ 141ಎಫ್, ಕ್ 1420, ಸ್ 1422, ನ್ 1423, ವ್ 1424, ಹ್ 1426, ಚ್ 1428. ಕೀಲಿಮಣೆ ಇಲ್ಲದವರು ಹತ್ತಿರದ ಚಿಹ್ನೆ ಹಾಕಿ ಮುಗಿಸುತ್ತಾರೆ. ಗಂಡಸು ಎಂಬರ್ಥದ ‘ನಾಪೇವ್’ 14ಸಿ8, 142ಎಫ್, 1424. ಕೊನೆಯ ಉಂಗುರದ ಜಾಗದಲ್ಲಿ ತಾಪಮಾನದ ಡಿಗ್ರಿ ಚಿಹ್ನೆ (00ಬಿ0) ಕೂತಿದ್ದರೆ ಅದು ಅಕ್ಷರವಲ್ಲ, ಚಿಹ್ನೆ. ಪದ ‘ನಾಪೇ’ಗೆ ನಿಲ್ಲುತ್ತದೆ, ಸೂಚಿ ತಯಾರಿಸುವ ತಂತ್ರಾಂಶ ಉಂಗುರವನ್ನು ಕಸದಂತೆ ಬಿಸಾಡುತ್ತದೆ. ಎರಡು ಸಲ ಕ್ಲಿಕ್ ಮಾಡಿ ಪದ ಆರಿಸಿ ನೋಡಿ: ಉಂಗುರ ಹೊರಗೇ ಉಳಿದರೆ ರೋಗ ಸಿಕ್ಕಿತು. 1428ರ ಜಾಗದಲ್ಲಿ ಸಾಮಾನ್ಯ ಅಡ್ಡಗೆರೆಯಿದ್ದರೆ ಸಾಲಿನ ಕೊನೆಯಲ್ಲಿ ಪದ ಎಲ್ಲೆಂದರಲ್ಲಿ ಮುರಿಯುತ್ತದೆ. ಸಿಲೆಬಿಕ್ಸ್‌ನ ಸ್ವಂತ ಅಡ್ಡಗೆರೆ (1400) ಎರಡು ಗೆರೆಯದು, ಈ ಗೊಂದಲ ತಪ್ಪಿಸುವುದಕ್ಕೇ.

ಎಲ್ಲಕ್ಕಿಂತ ಹಟಮಾರಿ ಪುಟ್ಟ ಎಕ್ಸ್ ಆಕಾರ. ಪಶ್ಚಿಮದ ಕ್ರೀಯ ಪದಾಂತ್ಯದ ‘ಹ್ಕ್’ 157ಡಿ. ವಾಕ್ಯದ ಪೂರ್ಣವಿರಾಮ 166ಇ. ಸಾಯಿಸಿ ಡೆನೆ ಎಂಬ ಮೂಲನಿವಾಸಿಗಳ ಭಾಷೆಗಾಗಿ ಇರುವ ಅಕ್ಷರ 1541. ಜೊತೆಗೆ ಇಂಗ್ಲಿಷ್ ಎಕ್ಸ್. ನಾಲ್ಕೂ ಕೆಲವು ಫಾಂಟುಗಳಲ್ಲಿ ಒಂದನ್ನೊಂದು ಹೋಲುತ್ತವೆ. ಹ್ಕ್ ಪದದೊಳಗೆ, ಕೊನೆಯ ಅಕ್ಷರಕ್ಕೆ ಅಂಟಿ ಬರುತ್ತದೆ. ಪೂರ್ಣವಿರಾಮದ ನಂತರ ಖಾಲಿ ಜಾಗ ಅಥವಾ ಪ್ಯಾರಾದ ಕೊನೆ. ಆದರೆ ಹ್ಕ್‌ನಿಂದ ಮುಗಿಯುವ ಪದಗಳು ಕ್ರೀಯಲ್ಲಿ ಬೇಕಾದಷ್ಟಿವೆ, ಆದ್ದರಿಂದ ‘ನಂತರ ಖಾಲಿ ಜಾಗವಿದ್ದರೆ ಪೂರ್ಣವಿರಾಮ’ ಎಂಬ ನಿಯಮ ಯಂತ್ರಕ್ಕೆ ಕೊಡಬೇಡಿ. 1541 ಕಂಡರೆ ಕ್ರೀ ಪಠ್ಯದಲ್ಲಿ ನೇರ 157ಡಿ ಮಾಡಬಹುದು. 166ಇ ಮತ್ತು ಇಂಗ್ಲಿಷ್ ಎಕ್ಸ್ ಎರಡನ್ನು ಭಾಷೆ ಬಲ್ಲವರ ಮುಂದಿಡಿ.

ಚುಕ್ಕೆ ಎಡಕ್ಕೋ ಬಲಕ್ಕೋ

ವಕಾರ ಸೇರಿದ ಅಕ್ಷರಕ್ಕೆ ಪೂರ್ವದ ಕ್ರೀಯವರು ಎಡಗಡೆ ಚುಕ್ಕೆ ಇಡುತ್ತಾರೆ, ಪಶ್ಚಿಮದವರು ಬಲಗಡೆ. ಎರಡಕ್ಕೂ ಬೇರೆ ಬೇರೆ ಸಂಖ್ಯೆಗಳಿವೆ: ವೆ 140ಸಿ (ಎಡ), 140ಡಿ (ಬಲ). ಕ್ವೆ 1474 (ಎಡ), 1475 (ಬಲ). ಇದರ ಜೊತೆಗೆ ಬಿಡಿ ಚುಕ್ಕೆಯೂ (1427) ಇರುವುದರಿಂದ ಪಶ್ಚಿಮದ ಕ್ವೆಯನ್ನು 146ಬಿ, 1427 ಎಂದು ಎರಡಾಗಿಯೂ ಬರೆಯಬಹುದು. ನೋಟ ಒಂದೇ.

ಇಲ್ಲಿ ಕನ್ನಡದ ಅನುಭವ ಕೈಕೊಡುತ್ತದೆ. ದೀರ್ಘ ಈಕಾರದ ಚಿಹ್ನೆ (0ಸಿಸಿ0) ಒಂದಾಗಿರಲಿ, ಗುಡಿಸು ಮತ್ತು ದೀರ್ಘವಾಗಿ ಬಿಡಿಬಿಡಿಯಾಗಿರಲಿ, ಯೂನಿಕೋಡಿನ ಸಾಮಾನ್ಯೀಕರಣ ಎರಡನ್ನೂ ಒಂದೇ ಮಾಡುತ್ತದೆ. ಸಿಲೆಬಿಕ್ಸ್‌ನಲ್ಲಿ ಅಂಥ ಒಂದು ಸಂಬಂಧವನ್ನೂ ಯೂನಿಕೋಡ್ ಹೇಳಿಲ್ಲ. ಎನ್‌ಎಫ್‌ಸಿ, ಎನ್‌ಎಫ್‌ಡಿ ಎಂಬ ಸಾಮಾನ್ಯೀಕರಣದ ಬಗೆಗಳಲ್ಲಿ ಯಾವುದನ್ನು ಓಡಿಸಿದರೂ ಪಠ್ಯ ಹಾಗೇ ಇರುತ್ತದೆ. ‘ಸಾಮಾನ್ಯೀಕರಣ ಮಾಡಿದ್ದೇವೆ, ಆದರೂ ಹೊಂದುತ್ತಿಲ್ಲ’ ಎಂಬ ದೂರಿಗೆ ಉತ್ತರ ಇಷ್ಟೇ. ನಿಮ್ಮದೇ ಪಟ್ಟಿ ಮಾಡಿ, ಜೋಡಿಗಳನ್ನೆಲ್ಲ ಒಂಟಿ ಅಕ್ಷರಕ್ಕೆ ತನ್ನಿ. ಪಟ್ಟಿಗೆ ಹೊರಗಿನ ಮಧ್ಯಬಿಂದುವನ್ನೂ (00ಬಿ7) ಸೇರಿಸಿ, 1427ರ ಜಾಗದಲ್ಲಿ ಕೂರುವುದು ಹೆಚ್ಚಾಗಿ ಅದೇ.

ಉದ್ದ ಸ್ವರದ ಚುಕ್ಕೆಯನ್ನು ಬರೆಯುವವರು ಅನೇಕ ಸಲ ಬಿಡುತ್ತಾರೆ. ಅದು ತಪ್ಪಲ್ಲ, ರೂಢಿ. ಮೂಲ ಪಠ್ಯ ಮುಟ್ಟದೆ, ಹುಡುಕಾಟದ ಸೂಚಿಯಲ್ಲಿ ಮಾತ್ರ ಉದ್ದವನ್ನು ಗಿಡ್ಡಕ್ಕೆ ಇಳಿಸಿ (14ಸಿ8 ಇದ್ದರೆ 14ಸಿ7). ಇದಕ್ಕೂ ಪಟ್ಟಿಯೇ ಗತಿ.

ವಿಂಗಡಣೆ

ಸಂಖ್ಯೆಯ ಕ್ರಮ ಇನುಕ್ಟಿಟುಟ್ ವರ್ಣಮಾಲೆಯ ಕ್ರಮವಲ್ಲ. ಶಾಲೆಯ ಪಟ್ಟಿಯಲ್ಲಿ ಸ ಆದ ಮೇಲೆ ಲ, ವ ಆದ ಮೇಲೆ ರ. ಯೂನಿಕೋಡಿನಲ್ಲಿ ಲ (14ಡಿ5ರಿಂದ) ಮೊದಲು, ಸ (14ಇಎಫ್‌ನಿಂದ) ಆಮೇಲೆ. ರ ಸಾಲೂ ವ ಸಾಲಿಗಿಂತ ಮುಂಚೆ. ಕಾರಣ, ಹಲವು ಭಾಷೆಗಳ ಅಕ್ಷರಗಳನ್ನು ಒಂದೇ ವಿಭಾಗದಲ್ಲಿ ಬೆರೆಸಿರುವುದು. ಅಕ್ಷರದ ಅಧಿಕೃತ ಹೆಸರನ್ನೂ ನಂಬಬೇಡಿ: ಇನುಕ್ಟಿಟುಟ್‌ನ ನು ಅಕ್ಷರದ ಯೂನಿಕೋಡ್ ಹೆಸರು ‘ನೊ’, ವು ಅಕ್ಷರದ್ದು ‘ಫೊ’. ವಿಂಗಡಣೆಗೆ ಸ್ವಂತ ಕ್ರಮಪಟ್ಟಿ ಕೊಡಿ.

ಹೊಸ ಅಕ್ಷರಗಳು

2009ರ 5.2 ಆವೃತ್ತಿಯಲ್ಲಿ 18ಬಿ0ದಿಂದ ಇನ್ನೊಂದು ವಿಭಾಗ ಬಂತು. 2021ರ 14.0 ಆವೃತ್ತಿ 11ಎಬಿ0ದಿಂದ 16 ಅಕ್ಷರಗಳನ್ನು ಸೇರಿಸಿತು. ನುನಾವುಟ್‌ನ ನಟ್ಟಿಲಿಕ್ ಜನರ ನುಡಿಗೆ ಬೇಕಾಗಿದ್ದ ಅಕ್ಷರಗಳು ಅದರಲ್ಲಿವೆ. ಈ ಮೂರನೇ ವಿಭಾಗ ಮಾತ್ರ ಯುಟಿಎಫ್-8ರಲ್ಲಿ ನಾಲ್ಕು ಬೈಟ್ ಬೇಡುತ್ತದೆ.

ಮೈಎಸ್‌ಕ್ಯೂಎಲ್‌ನ (ಡೇಟಾಬೇಸ್ ತಂತ್ರಾಂಶ) ಹಳೆಯ ಯುಟಿಎಫ್8 ಬಗೆ ಮೂರು ಬೈಟಿಗೆ ನಿಲ್ಲುತ್ತದೆ. ಬೇರೆಲ್ಲ ಇನುಕ್ಟಿಟುಟ್ ಸರಿಯಾಗಿ ಉಳಿದು, ನಟ್ಟಿಲಿಕ್ ಅಕ್ಷರ ಬಂದ ಕಡೆ ದೋಷ ಸಂದೇಶ ಬಂದರೆ ಅಥವಾ ಅಲ್ಲಿಂದ ಮುಂದಿನ ಪಠ್ಯವೇ ಕತ್ತರಿಸಿ ಹೋಗಿದ್ದರೆ ಕಾಲಂ ಅನ್ನು ಯುಟಿಎಫ್8ಎಂಬಿ4ಕ್ಕೆ ಬದಲಿಸಿ. ಸಂಪರ್ಕದ ಸೆಟ್ಟಿಂಗನ್ನೂ ಬದಲಿಸಬೇಕು, ಒಂದನ್ನೇ ಮಾಡಿ ಕೂತರೆ ಆಗುವುದಿಲ್ಲ. ಹೋಲಿಕೆಯ ನಿಯಮ ‘ಜನರಲ್ ಸಿಐ’ ಆಗಿದ್ದರೆ ಇನ್ನೊಂದು ಹೊಂಡ: ಅದು ನಾಲ್ಕು ಬೈಟಿನ ಎಲ್ಲ ಅಕ್ಷರಗಳನ್ನೂ ಒಂದೇ ಎಂದು ತೂಗುತ್ತದೆ. ಒಂದು ಅಕ್ಷರ ಹುಡುಕಿದರೆ ಹದಿನಾರೂ ಸಿಗುತ್ತವೆ, ಎಮೋಜಿ ಸಮೇತ. 0900 ಸರಣಿಯ ನಿಯಮಕ್ಕೆ ಬದಲಿಸಿ. ಜಾವಾಸ್ಕ್ರಿಪ್ಟ್‌ನಲ್ಲಿ ಈ ಅಕ್ಷರಗಳ ಉದ್ದ 2 ಎಂದು ಬರುತ್ತದೆ. ಅಕ್ಷರ ಮಿತಿ ಹಾಕುವಲ್ಲಿ, ಕತ್ತರಿಸುವಲ್ಲಿ ನೆನಪಿರಲಿ.

ಫಾಂಟ್

ವಿಂಡೋಸ್ ವಿಸ್ತಾ ಮತ್ತು 7ರಲ್ಲಿ ಯುಫೀಮಿಯಾ, 8ರಿಂದ ಗದುಗಿ. ವಿಂಡೋಸ್ 10ರಲ್ಲಿ ಯುಫೀಮಿಯಾ ಬೇಕಾದರೆ ಐಚ್ಛಿಕ ಸೌಲಭ್ಯಗಳಿಂದ ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು. ಹಳೆಯ ಕಡತದಲ್ಲಿ ಸಾಲುಗಳು ಸರಿದು ಪುಟ ಸಂಖ್ಯೆ ಬದಲಾಗಿದ್ದರೆ ಈ ಬದಲಿ ಫಾಂಟೇ ಕಾರಣ. ನುನಾವುಟ್ ಸರ್ಕಾರ ಮಾಡಿಸಿದ ಪಿಗಿಯಾರ್ನಿಕ್ ಕೂಡ ಯೂನಿಕೋಡ್ ಫಾಂಟೇ. ಪಠ್ಯದಲ್ಲಿ ಒಂದೆರಡು ಡಬ್ಬಿ ಮಾತ್ರ ಕಂಡರೆ ಆ ಡಬ್ಬಿಯ ಸಂಖ್ಯೆ ನೋಡಿ. 18ಬಿ0 ಅಥವಾ 11ಎಬಿ0 ವಿಭಾಗದ್ದಾಗಿದ್ದರೆ ಫಾಂಟ್ ಹಳೆಯದು. ಡೇಟಾ ತಿದ್ದಲು ಹೋಗಬೇಡಿ.

ರಿಪೇರಿಯ ಕ್ರಮ

ಮೂಲದ ಪ್ರತಿ ತೆಗೆದಿಡಿ. ಹಳೆಯ ಫಾಂಟಿನ ತುಂಡುಗಳನ್ನು ಪರಿವರ್ತಿಸಿ, ಬೈಟ್ ಗೊಂದಲ ಬಿಡಿಸಿ, ಆಮೇಲೆ ಭಾಷೆ ನೋಡಿ ತದ್ರೂಪಿಗಳನ್ನು ತಿದ್ದಿ, ಕೊನೆಗೆ ಚುಕ್ಕೆಗಳು. ಕ್ರಮ ಹಿಂದೆ ಮುಂದೆ ಆದರೆ ತೊಂದರೆ: ಹಳೆಯ ಫಾಂಟಿನ ಪಠ್ಯ ಬಾಕಿಯಿರುವಾಗ ಎಚ್ ಅಥವಾ ಎಕ್ಸ್ ತಿದ್ದಲು ಹೋದರೆ ಅಲ್ಲಿ ಅವೇ ಬೇರೆ ಅಕ್ಷರಗಳಾಗಿರುತ್ತವೆ.

ಪ್ರತಿ ಹಂತದ ನಂತರ ಕಡತದಲ್ಲಿರುವ ಬೇರೆ ಬೇರೆ ಅಕ್ಷರಗಳನ್ನೆಲ್ಲ ಎಣಿಸಿ, ಸಂಖ್ಯೆ ಮತ್ತು ಎಷ್ಟು ಸಲ ಬಂದಿದೆ ಎಂದು ಪಟ್ಟಿ ತೆಗೆಯಿರಿ. ಕೈಗೆ ಸಿಗುವ ಉಪಕರಣಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. ನುನಾವುಟ್‌ನ ಇನುಕ್ಟಿಟುಟ್ ಪಠ್ಯದಲ್ಲಿ 1427, 1541, 166ಇ ಕಾಣಬಾರದು. ಕ್ರೀ ಪಠ್ಯದಲ್ಲಿ 00ಬಿ0, 00ಬಿ7 ಕಾಣಬಾರದು. ಸಾವಿರಾರು ಸಲ ಬಂದ ಅಕ್ಷರಗಳ ಕೆಳಗೆ ಎರಡೋ ಮೂರೋ ಸಲ ಬಂದವು ಇರುತ್ತವಲ್ಲ, ದೋಷ ಅಲ್ಲೇ ಅಡಗಿರುತ್ತದೆ. ಒಂದೊಂದನ್ನೂ ವಾಕ್ಯದಲ್ಲಿಟ್ಟು ನೋಡಿ.

ಹಳೆಯ ಫಾಂಟಿನ ಕಡತವನ್ನು ಯಾವತ್ತೂ ಬರೀ ಪಠ್ಯವಾಗಿ ಉಳಿಸಬೇಡಿ. ಹಾಗೆ ಉಳಿಸಿದ ಕ್ಷಣ ಫಾಂಟಿನ ಹೆಸರು ಹೋಗುತ್ತದೆ, ಎಲ್ಲಿ ಇಂಗ್ಲಿಷ್ ಮುಗಿದು ಎಲ್ಲಿ ಇನುಕ್ಟಿಟುಟ್ ಶುರುವಾಯಿತು ಎಂಬ ಗುರುತೂ ಹೋಗುತ್ತದೆ. ಉಳಿಸಲೇಬೇಕಾದರೆ ಕಡತದ ಹೆಸರಿನಲ್ಲೇ ಫಾಂಟಿನ ಹೆಸರನ್ನು ಸೇರಿಸಿಡಿ.